ವರ್ತಕರ ಊರು ಸಕಾಯ್: ಕಬ್ಬಿಣ, ಊದುಬತ್ತಿ, ಗಸಗಸೆ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಮೂರು ತಲೆಮಾರಿನ ಊದುಬತ್ತಿ ವ್ಯಾಪಾರ. ಮಗಳು ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ. ನವೆಂಬರಿನಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗುತ್ತಿದ್ದೇವೆ. ಪಕ್ಕದ ಸಕಾಯ್ ಎಂಬ ಊರನ್ನು ಒಂದು ಕಾಲದಲ್ಲಿ ವರ್ತಕರೇ ಆಳುತ್ತಿದ್ದರು, ಜಪಾನಿನ ಊದುಬತ್ತಿ ಶುರುವಾಗಿದ್ದೂ ಅಲ್ಲೇ ಎಂದು ಕೇಳಿದ್ದೇನೆ. ಮಗಳ ಗೆಳತಿಯರು ಮಾತ್ರ ‘ಅಲ್ಲೇನಿದೆ, ಕ್ಯೋಟೋಗೆ ಹೋಗಿ’ ಎನ್ನುತ್ತಾರಂತೆ. ಸಕಾಯ್‌ಗೆ ಹೋದರೆ ಒಂದು ದಿನ ದಂಡವಾಗುತ್ತದೆಯೇ? ಏನು ನೋಡಬಹುದು, ಏನು ತರಬಹುದು? ನಾವು ಸಸ್ಯಾಹಾರಿಗಳು.

ಉತ್ತರ: ಮಗಳ ಗೆಳತಿಯರ ಮಾತಿನಲ್ಲಿ ಅರ್ಧ ನಿಜವಿದೆ. ಸಕಾಯ್ ನಿಲ್ದಾಣದಲ್ಲಿ ಇಳಿದ ಕೂಡಲೇ ಹಳೆಯ ಪೇಟೆ ಕಣ್ಣಿಗೆ ಬೀಳುತ್ತದೆಂದು ಕಾದರೆ ನಿರಾಸೆ ಖಂಡಿತ. ಕಾಣುವುದು ಅಗಲವಾದ ರಸ್ತೆ, ವಸತಿ ಸಮುಚ್ಚಯ, ಬಸ್ ನಿಲ್ದಾಣ ಅಷ್ಟೇ. ಊರು ಎರಡು ಸಲ ಸುಟ್ಟು ಬೂದಿಯಾಗಿದೆ: 1615ರಲ್ಲಿ ಒಸಾಕಾ ಕೋಟೆಯ ಯುದ್ಧದಲ್ಲಿ ಒಮ್ಮೆ, 1945ರ ಜುಲೈಯಲ್ಲಿ ಅಮೆರಿಕದ ಬಾಂಬುಗಳಿಗೆ ಇನ್ನೊಮ್ಮೆ. ಮರದ ಮನೆಗಳ ಸಾಲನ್ನು ನೋಡಬೇಕಾದರೆ ಅವರು ಹೇಳಿದ ಹಾಗೆ ಕ್ಯೋಟೋಗೇ ಹೋಗಿ. ಆದರೆ ನೀವು ವ್ಯಾಪಾರದ ಮನೆಯವರು, ಅದರಲ್ಲೂ ಊದುಬತ್ತಿಯವರು. ಸಕಾಯ್‌ನಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಬೇರೆಯವರಿಗೆ ಬೀಳುವುದಿಲ್ಲ. ಆ ಊರಿನಲ್ಲಿ ಕಟ್ಟಡ ಉಳಿಯದಿದ್ದರೂ ಕೈಕಸಬು ಉಳಿಯಿತು. ಐನೂರು ವರ್ಷಗಳಲ್ಲಿ ಒಂದು ಸರಕಿನ ಕಾಲ ಮುಗಿದಾಗಲೆಲ್ಲ ಅದೇ ಕೈ ಇನ್ನೊಂದು ಸರಕಿಗೆ ಹೊರಳಿತು. ನಾನು ಒಸಾಕಾದಲ್ಲಿದ್ದ ವರ್ಷಗಳಲ್ಲಿ ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತಿದ್ದದ್ದು ಈ ಹೊರಳಾಟವನ್ನು ನೋಡುವುದಕ್ಕೆ.

ಮೊದಲು ವರ್ತಕರ ಆಳ್ವಿಕೆಯ ಕಥೆ. ‘ಸಕಾಯ್’ ಎಂದರೆ ಗಡಿ. ಸೆತ್ಸು, ಕವಾಚಿ, ಇಜುಮಿ ಎಂಬ ಮೂರು ಹಳೆಯ ಪ್ರಾಂತ್ಯಗಳು ಕೂಡುವ ಜಾಗದಲ್ಲಿ ಹುಟ್ಟಿದ ಬಂದರು ಅದು. 1467ರಲ್ಲಿ ಶುರುವಾದ ಓನಿನ್ ಯುದ್ಧ ಕ್ಯೋಟೋವನ್ನು ಹತ್ತು ವರ್ಷ ಸುಟ್ಟಿತು. ಚೀನಾದ ಮಿಂಗ್ ಅರಸರ ಜೊತೆ ವ್ಯಾಪಾರ ಮಾಡುತ್ತಿದ್ದ ಹಡಗುಗಳಿಗೆ ಹಳೆಯ ಹ್ಯೋಗೋ ಬಂದರು ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಅವು ಸಕಾಯ್ ಕಡೆ ತಿರುಗಿದವು. ರೇಷ್ಮೆ, ತಾಮ್ರದ ನಾಣ್ಯ, ಔಷಧಿ, ಸುಗಂಧದ ಮರ ಎಲ್ಲ ಅಲ್ಲಿ ಇಳಿಯತೊಡಗಿತು. ಕಡಲ ದಂಡೆಯಲ್ಲಿ ಗೋದಾಮುಗಳಿದ್ದ ಮನೆತನಗಳು ಸೇರಿ ‘ಎಗೋಶೂ’ ಎಂಬ ಹಿರಿಯರ ಸಭೆ ಕಟ್ಟಿಕೊಂಡವು. ಊರಿನ ಮೂರು ಕಡೆಗೆ ಕಂದಕ, ನಾಲ್ಕನೆಯ ಕಡೆಗೆ ಕಡಲು, ಕಾವಲಿಗೆ ಸಂಬಳದ ಸೈನಿಕರು. ಹೊರಗೆ ಕತ್ತಿ ಹಿರಿದು ನಿಂತ ಎರಡು ಬಣಗಳ ಆಳುಗಳು ಊರೊಳಗೆ ಎದುರಾದರೆ ಪರಸ್ಪರ ನಮಸ್ಕಾರ ಹೇಳಿ ಹೋಗಬೇಕಿತ್ತು. ಪೋರ್ಚುಗಲ್‌ನ ಪಾದ್ರಿ ಗಾಸ್ಪಾರ್ ವಿಲೇಲಾ 1562ರ ಸುಮಾರಿಗೆ ಬರೆದ ಪತ್ರದಲ್ಲಿ ಈ ಊರನ್ನು ವೆನಿಸ್‌ಗೆ ಹೋಲಿಸಿದ. ಅಂದಿನಿಂದ ಪ್ರವಾಸದ ಕರಪತ್ರಗಳೆಲ್ಲ ‘ಪೂರ್ವದ ವೆನಿಸ್’ ಎಂದು ಜಪ ಮಾಡುತ್ತಿವೆ. ಕಾಲುವೆ, ದೋಣಿ ಹುಡುಕಿಕೊಂಡು ಹೋಗಬೇಡಿ. ಪಾದ್ರಿ ಹೇಳಿದ್ದು ಆಡಳಿತದ ಮಾತು.

ಈ ಸ್ವಾತಂತ್ರ್ಯ ನೂರು ವರ್ಷವೂ ಬಾಳಲಿಲ್ಲ. 1568ರಲ್ಲಿ ಓದಾ ನೊಬುನಾಗಾ ಎಂಬ ದಂಡನಾಯಕ ಇಪ್ಪತ್ತು ಸಾವಿರ ಕಾನ್ ಯುದ್ಧಕಾಣಿಕೆ ಕೇಳಿದ. ಸಾವಿರ ತಾಮ್ರದ ನಾಣ್ಯಗಳನ್ನು ದಾರಕ್ಕೆ ಪೋಣಿಸಿದರೆ ಒಂದು ಕಾನ್. ಸಭೆ ಮೊದಲು ಒಲ್ಲೆ ಎಂದಿತು, ಕಂದಕ ಆಳ ಮಾಡಿಸಿತು, ಮರುವರ್ಷ ಲೆಕ್ಕ ಹಾಕಿ ನೋಡಿ ಕೊಟ್ಟುಬಿಟ್ಟಿತು. ವ್ಯಾಪಾರಿಯ ಬುದ್ಧಿ ಅದು. ನಾನು ತಪ್ಪು ಹೇಳಲಾರೆ. ಆಮೇಲೆ 1586ರಲ್ಲಿ, ನೊಬುನಾಗಾನ ನಂತರ ದೇಶದ ಅಧಿಕಾರ ಹಿಡಿದ ಹಿದೆಯೋಶಿ ಆ ಕಂದಕವನ್ನೇ ಮುಚ್ಚಿಸಿದ. 1704ರಲ್ಲಿ ಯಮಾತೊ ನದಿಯ ಪಾತ್ರವನ್ನು ಊರಿನ ಉತ್ತರದ ಅಂಚಿಗೆ ತಿರುಗಿಸಿದಾಗ ಬಂದ ಹೂಳು ಬಂದರನ್ನು ತುಂಬಿತು. ಹಡಗು ಹೋಯಿತು, ಉಳಿದದ್ದು ಕುಲುಮೆ.

ಕುಲುಮೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1543ರಲ್ಲಿ ದಕ್ಷಿಣದ ತನೆಗಾಶಿಮಾ ದ್ವೀಪಕ್ಕೆ ಪೋರ್ಚುಗೀಸರ ಕೋವಿ ಬಂತು. ಸಕಾಯ್‌ನ ವರ್ತಕ ತಾಚಿಬಾನಾಯಾ ಮತಾಸಬುರೋ ಆ ದ್ವೀಪದಲ್ಲಿ ನಿಂತು ಕೋವಿ ಮಾಡುವುದನ್ನು ಕಲಿತು ಬಂದ. ಊರವರು ಅವನಿಗಿಟ್ಟ ಅಡ್ಡಹೆಸರು ‘ತೆಪ್ಪೋಮಾತಾ’, ಅಂದರೆ ಕೋವಿಯ ಮತಾಸಬುರೋ. ಕಬ್ಬಿಣದ ಪಟ್ಟಿಯನ್ನು ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಬೆಸೆದು ಕೊಳವೆ ಮಾಡುವುದು ಕಮ್ಮಾರರಿಗೆ ಹೇಗೋ ಸಾಧ್ಯವಿತ್ತು. ಕೊಳವೆಯ ಹಿಂಬದಿಯನ್ನು ಮುಚ್ಚುವ ತಿರುಪು ಮಾತ್ರ ಜಪಾನಿನಲ್ಲಿ ಯಾರೂ ಮಾಡಿರದ ವಸ್ತು. ಅದು ಕೈವಶವಾದ ಮೇಲೆ ಸಕಾಯ್ ದೇಶದ ದೊಡ್ಡ ಕೋವಿ ಪೇಟೆಯಾಯಿತು. ಅದೇ ಪೋರ್ಚುಗೀಸರು ತಂದ ಹೊಗೆಸೊಪ್ಪು ಹಬ್ಬಿದಾಗ ಎಲೆಯನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚುವ ಕತ್ತಿ ಬೇಕಾಯಿತು. ಸಕಾಯ್ ಕಮ್ಮಾರರು ಅದನ್ನೂ ಮಾಡಿದರು. ಆಗ ದೇಶ ಆಳುತ್ತಿದ್ದ ತೊಕುಗಾವಾ ಸರ್ಕಾರ ಅವರ ಹೊಗೆಸೊಪ್ಪಿನ ಕತ್ತಿಗೆ ‘ಸಕಾಯ್ ಕಿವಾಮೆ’ ಎಂಬ ಮುದ್ರೆ ಕೊಟ್ಟು ದೇಶವಿಡೀ ಮಾರುವ ಏಕಸ್ವಾಮ್ಯವನ್ನೂ ಕೊಟ್ಟಿತು. ಅಲ್ಲಿಂದ ಅಡುಗೆಮನೆಯ ಕತ್ತಿ. ಕೋವಿಯ ಕಾಲ ಮುಗಿದು, 1868ರಲ್ಲಿ ಶುರುವಾದ ಮೇಜಿ ದೊರೆಯ ಕಾಲದಲ್ಲಿ ಪರದೇಶದ ಸೈಕಲ್ ಬಂದಾಗ, ಅದನ್ನು ರಿಪೇರಿ ಮಾಡಲು, ಬಿಡಿಭಾಗ ಮಾಡಿಕೊಡಲು ಕೊಳವೆ ಮತ್ತು ತಿರುಪಿನ ಕೆಲಸ ಬಲ್ಲ ಕೈಗಳು ಈ ಊರಿನಲ್ಲಿ ಸಿದ್ಧವಾಗಿದ್ದವು. 1921ರಲ್ಲಿ ಶಿಮಾನೋ ಶೋಜಬುರೋ ಇಲ್ಲೇ ಒಂದು ಸಣ್ಣ ಕಾರ್ಖಾನೆ ತೆರೆದು ಸೈಕಲ್ಲಿನ ಫ್ರೀವೀಲ್ ಮಾಡತೊಡಗಿದರು. ಬೆಂಗಳೂರಿನ ಹುಡುಗರು ಗೇರ್ ಸೈಕಲ್ ಕೊಳ್ಳುವಾಗ ಮೊದಲು ಹುಡುಕುವ ಹೆಸರು ಇದೇ ಶಿಮಾನೋ.

ಈಗ ಆ ಕತ್ತಿಯನ್ನು ಹತ್ತಿರದಿಂದ ನೋಡೋಣ. ಸಕಾಯ್ ಕತ್ತಿಯನ್ನು ಒಬ್ಬನೇ ಮಾಡುವುದಿಲ್ಲ. ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ ಹಾಕುವವನು ಮತ್ತೊಬ್ಬ. ಮೂರೂ ಬೇರೆ ಬೇರೆ ಮನೆ. ಇವರ ನಡುವೆ ಅಲಗನ್ನು ಓಡಾಡಿಸಿ, ಕೊನೆಗೆ ಹೆಸರು ಕೆತ್ತಿಸಿ ಮಾರುವವರು ‘ತೊನ್ಯಾ’, ನಮ್ಮ ಮಂಡಿ ವರ್ತಕರಂಥವರು. ಬೀಡಿ, ಊದುಬತ್ತಿಯ ಕಟ್ಟುವ ಕೆಲಸ ಮನೆಮನೆಗೆ ಹಂಚಿಹೋಗುವುದನ್ನು ಕಂಡ ನಿಮಗೆ ಈ ಏರ್ಪಾಡು ಹೊಸದಲ್ಲ.

ನಾನು ನೋಡಿದ ಕುಲುಮೆ ಒಂದು ಕಾರು ನಿಲ್ಲಿಸುವಷ್ಟೇ ಜಾಗ. ಕಿಟಕಿಗೆ ಹಲಗೆ ಹೊಡೆದು ಕತ್ತಲು ಮಾಡಿದ್ದರು, ಏಕೆಂದರೆ ಕಾದ ಕಬ್ಬಿಣದ ಬಣ್ಣವೇ ಅವರ ಶಾಖಮಾಪಕ. ಮೆತ್ತನೆಯ ಕಬ್ಬಿಣದ ತುಂಡನ್ನು ಕೆಂಪಗೆ ಕಾಯಿಸಿ, ಬೆಸುಗೆಯ ಪುಡಿ ಉದುರಿಸಿ, ಅದರ ಮೇಲೆ ಗಟ್ಟಿ ಉಕ್ಕಿನ ಚಿಕ್ಕ ಪಟ್ಟಿ ಇಟ್ಟು ಬಡಿದರು. ಎರಡೂ ಒಂದಾದವು. ಹರಿತವಾಗುವುದು ಉಕ್ಕು, ಪೆಟ್ಟು ತಾಳುವುದು ಕಬ್ಬಿಣ. ಆಕಾರ ಬಂದ ಮೇಲೆ ಮೈಗೆಲ್ಲ ತೆಳ್ಳಗೆ ಕೆಸರು ಬಳಿದು ಒಣಗಿಸಿ, ಮತ್ತೆ ಕಾಯಿಸಿ ನೀರಿಗೆ ಅದ್ದಿದರು. ಆ ಚುಂಯ್ ಸದ್ದಿನ ಮೇಲೆ ಅಜ್ಜ ಅಲಗನ್ನು ಒಂದು ಕಣ್ಣು ಮುಚ್ಚಿ ಬಾಗಿಲ ಬೆಳಕಿಗೆ ಹಿಡಿದು ನೋಡಿದರು, ಎರಡು ಸಲ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು, ಮತ್ತೆ ನೋಡಿದರು. ಏನು ಸೊಟ್ಟ ಇತ್ತೆಂದು ನನಗೆ ಕೊನೆಗೂ ಕಾಣಲಿಲ್ಲ. ಇಂಥ ಕುಲುಮೆಗಳು ಮನೆಯೊಳಗಿನ ಕೆಲಸದ ಜಾಗಗಳು. ಬಾಗಿಲು ತಟ್ಟಿ ನುಗ್ಗುವಂತಿಲ್ಲ, ಮಗಳ ಮೂಲಕ ಮೊದಲೇ ಕೇಳಿಕೊಂಡು ಹೋಗಿ. ಅದು ಆಗದಿದ್ದರೆ ಮ್ಯೋಕೊಕುಜಿ ಟ್ರಾಂ ನಿಲ್ದಾಣದ ಹತ್ತಿರ ‘ಸಕಾಯ್ ದೆನ್ಶೋಕಾನ್’ ಎಂಬ ಕೈಕಸಬಿನ ಭವನವಿದೆ. ಒಳಗೆ ಹೋಗಲು ಹಣ ಕೊಡಬೇಕಿಲ್ಲ. ಕತ್ತಿ, ಊದುಬತ್ತಿ, ನೆಲಹಾಸು, ಬಣ್ಣ ಹಾಕಿದ ಹತ್ತಿ ಬಟ್ಟೆ ಎಲ್ಲವೂ ಒಂದೇ ಕಡೆ ಸಿಗುತ್ತವೆ.

ಕತ್ತಿ ಕೊಳ್ಳುವುದಾದರೆ ನನ್ನ ಸಲಹೆ ಸ್ವಲ್ಪ ಖಾರವಾಗಿದೆ. ಅಂಗಡಿಯಲ್ಲಿ ಅತ್ಯಂತ ಚೆಂದ ಕಾಣುವ ಉದ್ದನೆಯ ‘ಯಾನಾಗಿಬಾ’ ಹಸಿ ಮೀನನ್ನು ಎಳೆದು ಕೊಯ್ಯುವುದಕ್ಕೆ, ದಪ್ಪನೆಯ ‘ದೆಬಾ’ ಮೀನಿನ ತಲೆ ಕಡಿಯುವುದಕ್ಕೆ. ಎರಡೂ ನಿಮಗೆ ಬೇಡ. ‘ಉಸುಬಾ’ ತರಕಾರಿಯದೇ ಹೌದು, ಆದರೆ ಅದಕ್ಕೆ ಒಂದೇ ಬದಿಯ ಸಾಣೆ. ಎಡಗೈಯವರಿಗೆ ಬೇರೆ ಮಾಡಿಸಬೇಕು, ಅಭ್ಯಾಸವಿಲ್ಲದ ಬಲಗೈಯಲ್ಲೂ ಸೌತೆಕಾಯಿ ಓರೆಯಾಗಿ ಸೀಳುತ್ತದೆ. ಈಳಿಗೆಮಣೆಯಲ್ಲಿ ಅಲಗು ನಿಂತಿರುತ್ತದೆ, ಕಾಯಿ ಚಲಿಸುತ್ತದೆ. ಆ ಅಭ್ಯಾಸದ ಕೈಗೆ ಎರಡೂ ಬದಿ ಸಾಣೆಯ ‘ಸಾಂತೊಕು’ ಸಾಕು. ಉಕ್ಕಿನಲ್ಲೂ ಎರಡು ಜಾತಿ. ತುಕ್ಕು ಹಿಡಿಯದ್ದು ಒಂದು. ಹರಿತ ಹೆಚ್ಚು, ತುಕ್ಕು ಬೇಗ ಎನ್ನುವುದು ಇನ್ನೊಂದು. ಎರಡನೆಯದನ್ನು ನಾನು ತಂದೆ. ಮೊದಲ ವಾರವೇ ನಿಂಬೆಹಣ್ಣು ಹೆಚ್ಚಿ ಹಾಗೇ ಬಿಟ್ಟು ಫೋನಿನಲ್ಲಿ ಮಾತಿಗೆ ನಿಂತೆ. ಬರುವಷ್ಟರಲ್ಲಿ ಕಂದು ಕಲೆ ಕೂತಿತ್ತು. ಹುಣಸೆ, ನಿಂಬೆ, ಟೊಮೇಟೊ ಇಲ್ಲದ ದಿನವೇ ಇರದ ನಮ್ಮ ಅಡುಗೆಮನೆಗೆ ತುಕ್ಕು ಹಿಡಿಯದ್ದೇ ಸರಿ. ತೆಂಗಿನಕಾಯಿ ಒಡೆಯಲು ಅದನ್ನು ಯಾರೂ ಮುಟ್ಟದಂತೆ ಎತ್ತಿಡಿ, ಅಂಚು ಚಕ್ಕೆ ಎದ್ದುಹೋಗುತ್ತದೆ. ಆರು ಸೆಂಟಿಮೀಟರ್ ಮೀರಿದ ಅಲಗನ್ನು ಕಾರಣವಿಲ್ಲದೆ ಹಿಡಿದು ತಿರುಗುವುದು ಜಪಾನಿನಲ್ಲಿ ಅಪರಾಧ. ಅಂಗಡಿಯವರು ಕಟ್ಟಿಕೊಟ್ಟ ಪೆಟ್ಟಿಗೆಯನ್ನು ಬಿಚ್ಚದೆ, ರಸೀದಿಯ ಸಮೇತ ವಿಮಾನದಲ್ಲಿ ಒಪ್ಪಿಸುವ ಪೆಟ್ಟಿಗೆಯೊಳಗೇ ಹಾಕಿ. ಕೈಚೀಲದಲ್ಲಿ ಬಿಡುವುದಿಲ್ಲ.

ಇನ್ನು ನಿಮ್ಮ ಕಸಬು. ಜಪಾನಿನಲ್ಲಿ ಕಡ್ಡಿಯ ಆಕಾರದ ಊದುಬತ್ತಿ, ಅವರ ಮಾತಿನಲ್ಲಿ ‘ಸೆಂಕೋ’, ಮೊದಲು ತಯಾರಾದದ್ದು ಹದಿನಾರನೆಯ ಶತಮಾನದ ಕೊನೆಯಲ್ಲಿ ಸಕಾಯ್‌ನಲ್ಲೇ ಎಂದು ಊರವರು ಹೇಳುತ್ತಾರೆ. ಅಗರು, ಚಂದನ, ಲವಂಗ ಎಲ್ಲ ಇಳಿಯುತ್ತಿದ್ದ ಬಂದರು, ಸುತ್ತ ನೂರಾರು ಬೌದ್ಧ ದೇವಾಲಯ; ಕೊಡುವವರೂ ಕೊಳ್ಳುವವರೂ ಅಲ್ಲೇ ಇದ್ದರು. ಅವರ ಬತ್ತಿಯಲ್ಲಿ ಬಿದಿರ ಕಡ್ಡಿ ಇರುವುದಿಲ್ಲ, ಇಡೀ ಬತ್ತಿಯೇ ಮಸಾಲೆ. ಹಾಗಾಗಿ ಬಿದಿರು ಸುಟ್ಟ ವಾಸನೆ ಇಲ್ಲ, ಹೊಗೆಯೂ ಕಡಿಮೆ. ಕಣಕದಂತೆ ನಾದಿದ ಉಂಡೆಯನ್ನು ತೂತಿನ ಅಚ್ಚಿನಿಂದ ಒತ್ತುತ್ತಾರೆ, ಥೇಟ್ ಶ್ಯಾವಿಗೆ. ಇಳಿದ ಎಳೆಗಳನ್ನು ಹಲಗೆಯ ಮೇಲೆ ಹಿಡಿದು, ಬಿದಿರ ಚಮಚದಂಥ ಪಟ್ಟಿಯಿಂದ ಒಂದಕ್ಕೊಂದು ಒತ್ತರಿಸಿ, ನಡುವೆ ಕೂದಲಿನಷ್ಟೂ ಸಂದು ಇರದ ಹಾಗೆ ಜೋಡಿಸಿ, ಅಳತೆಗೆ ಕತ್ತರಿಸಿ ನೆರಳಿನಲ್ಲಿ ಒಣಗಿಸುತ್ತಾರೆ. ಸಂದು ಬಿಟ್ಟರೆ ಒಣಗುವಾಗ ಬಾಗುತ್ತದೆ. 

ನಿಮಗೆ ಹಿಡಿಸುವ ಸಂಗತಿ ಅಂಟಿನದು. ಅವರು ಬಳಸುವುದು ‘ತಾಬು’ ಎಂಬ ಮರದ ತೊಗಟೆಯ ಪುಡಿ. ನಿಮ್ಮ ಕಾರ್ಖಾನೆಯ ಜಿಗಟು ಪುಡಿ ಬರುವ ನಮ್ಮ ಘಟ್ಟದ ಗುಳಮಾವು ಮರವೂ ಈ ತಾಬುವೂ ಒಂದೇ ಕುಲದ ದಾಯಾದಿಗಳು. ನೀರು ತಾಗಿದಾಗ ಬೆರಳಿಗೆ ಬರುವ ಆ ಲೋಳೆ ನಿಮಗೆ ಗುರುತು ಸಿಗುತ್ತದೆ. ಇನ್ನೊಂದು: ಸುಗಂಧದ ಅಂಗಡಿಯಲ್ಲಿ ‘ರೋಜಾನ್ ಬ್ಯಾಕುದಾನ್’ ಇದೆಯೇ ಎಂದು ಕೇಳಿ. ಭಾರತದ ಒಳ್ಳೆಯ ಶ್ರೀಗಂಧಕ್ಕೆ ಅವರಿಟ್ಟ ಹೆಸರು ಅದು. ವಿವರಿಸುವಾಗ ‘ಮೈಸೂರು’ ಎಂಬ ಪದ ತಾನಾಗಿ ಬರುತ್ತದೆ. ಬೆಲೆ ಕೇಳಿ ಹೌಹಾರಬೇಡಿ. ಊರಿಗೆ ತರಲು ಗಂಧದ ಬತ್ತಿಗಿಂತ ಅಗರುಮರದ, ಅಂದರೆ ‘ಜಿಂಕೋ’ ಬತ್ತಿಯ ಸಣ್ಣ ಕಟ್ಟು ಒಳ್ಳೆಯದೆಂದು ನನ್ನ ಅಭಿಪ್ರಾಯ. ಗಂಧವನ್ನು ನಿಮಗೆ ಸಕಾಯ್‌ನವರು ಕಲಿಸಬೇಕಿಲ್ಲ.

ಚಹಾದ ಮಾತಿಲ್ಲದೆ ಸಕಾಯ್ ಪೂರ್ತಿಯಾಗುವುದಿಲ್ಲ. ಜಪಾನಿನ ಚಹಾ ವಿಧಿಗೆ ಈಗಿನ ರೂಪ ಕೊಟ್ಟ ಸೆನ್ ನೊ ರಿಕ್ಯೂ 1522ರಲ್ಲಿ ಹುಟ್ಟಿದ್ದು ಇಲ್ಲಿನ ವರ್ತಕರ ಮನೆಯಲ್ಲಿ. ಅವನ ಗುರು ತಾಕೆನೋ ಜೋಓ ಚರ್ಮದ ವ್ಯಾಪಾರಿ. ಜೊತೆಗಾರ ಇಮಾಯ್ ಸೋಕ್ಯೂ, ನೊಬುನಾಗಾನ ಕಾಣಿಕೆಯ ರಾಜಿಗೆ ಮುಂದೆ ನಿಂತವನು, ಕೋವಿ-ಮದ್ದಿನ ವ್ಯವಹಾರದವನು. ಎರಡು ಚಾಪೆಯಷ್ಟು ಕೋಣೆ, ಬಗ್ಗಿ ನುಸುಳಬೇಕಾದ ಬಾಗಿಲು, ಮಣ್ಣಿನ ಗೋಡೆ, ಬಡವನ ಗುಡಿಸಲಿನ ಹಾಗೆ. ಕೂತವರು ಮಾತ್ರ ದೇಶದ ಅತ್ಯಂತ ದುಡ್ಡಿರುವ ಜನ. ಸರಳತೆಯ ಬಗ್ಗೆ ಬಹಳ ಉಪದೇಶ ಕೇಳಿಬರುತ್ತದೆ. ಅದರ ಪಕ್ಕದಲ್ಲೇ ಈ ಕಥೆಯನ್ನೂ ಇಟ್ಟುಕೊಳ್ಳಿ. 1594ರಲ್ಲಿ ಸಕಾಯ್‌ನ ವರ್ತಕ ನಾಯಾ ಸುಕೆಜಾಎಮೊನ್ ಫಿಲಿಪೀನ್ಸ್‌ನ ಲುಝೋನ್ ದ್ವೀಪದಿಂದ ಮಣ್ಣಿನ ಜಾಡಿಗಳನ್ನು ಹೇರಿಕೊಂಡು ಬಂದ. ಅಲ್ಲಿ ಅವು ಮಾಮೂಲು ಮಡಕೆಗಳು. ಹಿದೆಯೋಶಿಯ ದರಬಾರಿನಲ್ಲಿ ‘ಚಹಾ ಎಲೆ ಇಡುವ ಅಪರೂಪದ ಭರಣಿ’ ಎಂದು ಪ್ರದರ್ಶನಕ್ಕಿಟ್ಟಾಗ ದೊರೆಗಳು ಮುಗಿಬಿದ್ದು ಕೊಂಡರು. ಮಡಕೆ ಅದೇ, ಕಣ್ಣು ಬೇರೆ, ಬೆಲೆ ಬೇರೆ. ರಿಕ್ಯೂವಿನ ಕಥೆ ಹೀಗೆ ನಗುವಂತೆ ಮುಗಿಯಲಿಲ್ಲ. 1591ರಲ್ಲಿ ಹಿದೆಯೋಶಿಯ ಅಪ್ಪಣೆಯಂತೆ ಹೊಟ್ಟೆ ಸೀಳಿಕೊಂಡು ಸತ್ತ.

ಶುಕುಯಿನ್ ಟ್ರಾಂ ನಿಲ್ದಾಣದ ಬಳಿ ಅವನ ಮನೆ ಇದ್ದ ಜಾಗದಲ್ಲಿ ಒಂದು ಹಳೆಯ ಬಾವಿ ಉಳಿದಿದೆ, ಅಷ್ಟೇ. ಎದುರಿಗೆ 2015ರಲ್ಲಿ ತೆರೆದ ‘ಸಕಾಯ್ ರಿಶೋ ನೊ ಮೋರಿ’ಯಲ್ಲಿ ಅವನ ಎರಡು ಚಾಪೆಯ ಚಹಾ ಕೋಣೆಯ ಮಾದರಿಯಿದೆ, ಕುರ್ಚಿಯಲ್ಲೇ ಕೂತು ಹಸಿರು ಚಹಾ ಕುಡಿಯುವ ವ್ಯವಸ್ಥೆಯೂ ಇದೆ. ಮಂಡಿನೋವಿರುವವರು ಇದನ್ನು ಗುರುತು ಹಾಕಿಕೊಳ್ಳಿ. ಅದೇ ಭವನದ ಇನ್ನೊಂದು ಭಾಗ 1878ರಲ್ಲಿ ಇಲ್ಲಿನ ಸಿಹಿತಿಂಡಿ ಅಂಗಡಿಯವರ ಮಗಳಾಗಿ ಹುಟ್ಟಿದ ಕವಯಿತ್ರಿ ಯೊಸಾನೊ ಅಕಿಕೊ ಅವರದು. 1904ರಲ್ಲಿ ರಷ್ಯಾ ಜೊತೆಗಿನ ಯುದ್ಧಕ್ಕೆ ಹೋದ ತಮ್ಮನಿಗೆ ‘ನೀನು ಸಾಯಬೇಡ’ ಎಂದು ಕವಿತೆ ಬರೆದು ಬೈಸಿಕೊಂಡವರು. ಅದರಲ್ಲಿ ಅವರು ಮುಂದಿಟ್ಟ ವಾದ ಸಕಾಯ್‌ನದೇ: ವರ್ತಕರ ಮನೆಯಲ್ಲಿ ಹುಟ್ಟಿದವನಿಗೆ ಕೋಟೆ ಬಿದ್ದರೇನು, ಉಳಿದರೇನು?

ಓಡಾಟಕ್ಕೆ ಒಸಾಕಾದ ತೆನ್ನೋಜಿಯಿಂದ ಹಂಕಾಯ್ ಟ್ರಾಂ ಹಿಡಿಯಿರಿ. ನಂಬಾದಿಂದ ನಾಂಕಾಯ್ ರೈಲು ಬೇಗ ತಲುಪಿಸುತ್ತದೆ ನಿಜ, ಆದರೆ ಟ್ರಾಂ ಹಳೆಯ ಊರಿನ ನಡುಬೀದಿಯಲ್ಲೇ ಸಾಗುತ್ತದೆ. ಅದೃಷ್ಟವಿದ್ದರೆ 1928ರಲ್ಲಿ ಕಟ್ಟಿದ ಮಾದರಿಯ ಮರದ ಒಳಮೈಯ ಗಾಡಿ ಸಿಗಬಹುದು. ತಾಕಾಸುಜಿಂಜಾದಲ್ಲಿ ಇಳಿಯಿರಿ. ಊರಿನ ಈ ಉತ್ತರದ ತುದಿ 1945ರ ಬೆಂಕಿಯಿಂದ ತಪ್ಪಿಸಿಕೊಂಡಿತು. ಇನೌಎ ಸೆಕಿಎಮೊನ್ ಮನೆತನದ ಕೋವಿ ಕಮ್ಮಾರರ ಮನೆ 2024ರಿಂದ ಸಾರ್ವಜನಿಕರಿಗೆ ತೆರೆದಿದೆ. ಒಂದೇ ಸೂರಿನಡಿ ಅಂಗಡಿ, ಕುಲುಮೆ, ವಾಸ. ಹತ್ತಿರದಲ್ಲೇ 1615ರ ಬೆಂಕಿಯ ಬೆನ್ನಲ್ಲಿ ಕಟ್ಟಿದ ಯಾಮಾಗುಚಿ ಮನೆಯಿದೆ. ಅದರ ಮಣ್ಣಿನ ನೆಲದ ಅಡುಗೆಮನೆಯಲ್ಲಿ ನಿಂತು ತಲೆಯೆತ್ತಿ ತೊಲೆಗಳನ್ನು ನೋಡಿ. ನಮ್ಮ ಕಡೆಯ ಕಥೆ ಬೇಕಾದರೆ ಶಿಚಿದೋ ನಿಲ್ದಾಣದ ಎದುರು ಬೌದ್ಧ ಭಿಕ್ಷು ಕಾವಾಗುಚಿ ಎಕಾಯ್ ಅವರ ಪ್ರತಿಮೆಯಿದೆ. ಇಲ್ಲಿ ಹುಟ್ಟಿ, ಡಾರ್ಜಿಲಿಂಗ್‌ನಲ್ಲಿ ಟಿಬೆಟ್ ಭಾಷೆ ಕಲಿತು, ನೇಪಾಳದ ಮೇಲಿಂದ ವೇಷ ಮರೆಸಿಕೊಂಡು 1900ರಲ್ಲಿ ಟಿಬೆಟ್ ಹೊಕ್ಕವರು. ಮ್ಯೋಕೊಕುಜಿ ದೇವಾಲಯದ ಮುದಿ ಸೈಕಸ್ ಗಿಡವನ್ನು ನೊಬುನಾಗಾ ಕಿತ್ತು ತನ್ನ ಕೋಟೆಗೆ ಒಯ್ದನಂತೆ. ಅದು ರಾತ್ರಿಯೆಲ್ಲ ‘ಸಕಾಯ್‌ಗೆ ಹೋಗುತ್ತೇನೆ’ ಎಂದು ಅತ್ತು ಹಿಂದಿರುಗಿತಂತೆ. ಕಾಣಿಕೆ ಕೊಟ್ಟ ಊರು ಸೇಡು ತೀರಿಸಿಕೊಂಡದ್ದು ಈ ಕಥೆಯಲ್ಲಿ.

ಅರ್ಧ ದಿನ ಉಳಿದರೆ ದೈಸೆನ್ ಕೊಫುನ್ ಎಂಬ ಐದನೆಯ ಶತಮಾನದ ಸಮಾಧಿ ದಿಬ್ಬ. 486 ಮೀಟರ್ ಉದ್ದ, ಸುತ್ತ ಮೂರು ಕಂದಕ, ಬೀಗದ ಕೈ ತೂತಿನ ಆಕಾರ. 2019ರಲ್ಲಿ ಇಲ್ಲಿನ ಸಮಾಧಿಗಳ ಗುಂಪು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಗೆ ಯಾರನ್ನೂ ಬಿಡುವುದಿಲ್ಲ. ನೆಲದಿಂದ ನೋಡಿದರೆ ನೀರಿನಾಚೆಗಿನ ಕಾಡು ಅಷ್ಟೇ. ಸಕಾಯ್‌ಹಿಗಾಶಿಯಲ್ಲಿರುವ ನಗರಸಭೆ ಕಟ್ಟಡದ 21ನೆಯ ಮಹಡಿಗೆ ಹೋಗಿ ನೋಡಿ, ಹಣ ಕೇಳುವುದಿಲ್ಲ. ಅಲ್ಲಿಂದಲೂ ಆಕಾರ ತಿಳಿಯುವುದಿಲ್ಲ, ಗಾತ್ರ ಮಾತ್ರ ತಿಳಿಯುತ್ತದೆ. ಯಜಮಾನರಿಗೆ ಯಂತ್ರಗಳಲ್ಲಿ ಆಸಕ್ತಿಯಿದ್ದರೆ ಶಿಮಾನೋ ಸೈಕಲ್ ಸಂಗ್ರಹಾಲಯವೂ ಆ ಕಡೆಯೇ ಇದೆ. ಊರ ದೊಡ್ಡ ಹಬ್ಬ ಅಕ್ಟೋಬರಿನಲ್ಲಿ ಮುಗಿದಿರುತ್ತದೆ, ಅದರ ಆಸೆ ಬಿಡಿ.

ಊಟದ ವಿಷಯ. ‘ಕೊಂಬು’ ಎಂದರೆ ಅಲ್ಲಿ ಕಡಲ ಪಾಚಿ. ಎಮ್ಮೆಯ ಕೊಂಬು ಬೇರೆ, ಅದನ್ನು ಕತ್ತಿಯ ಹಿಡಿಗೆ ಪಟ್ಟಿಯಾಗಿ ಹಾಕುತ್ತಾರೆ. ಹೊಕ್ಕಾಯ್ದೋದಿಂದ ಹಡಗಿನಲ್ಲಿ ಬರುತ್ತಿದ್ದ ಒಣ ಪಾಚಿಯನ್ನು ಇಲ್ಲಿನವರು ವಿನಿಗರ್‌ನಲ್ಲಿ ಮೆತ್ತಗೆ ಮಾಡಿ, ಸ್ಥಳೀಯ ಕತ್ತಿಯಿಂದ ಕೆರೆದು ಈರುಳ್ಳಿ ಸಿಪ್ಪೆಗಿಂತ ತೆಳ್ಳನೆಯ ಪದರಗಳಾಗಿ ತೆಗೆಯುತ್ತಾರೆ. ಅದು ‘ಒಬೊರೊ ಕೊಂಬು’. ಬಿಸಿನೀರಿಗೆ ಹಾಕಿದರೆ ತಿಳಿಸಾರಾಗುತ್ತದೆ, ಪೂರ್ತಿ ಸಸ್ಯಾಹಾರ, ತಿಂಗಳುಗಟ್ಟಲೆ ಇಡಬಹುದು. ಅದನ್ನು ಧಾರಾಳವಾಗಿ ತನ್ನಿ. ಹೋಟೆಲಿನಲ್ಲಿ ಮಾತ್ರ ನಂಬಿ ಕೂರಬೇಡಿ. ಸಾರೆಂದು ಕೊಡುವುದರಲ್ಲಿ ಮೀನಿನ ಚಕ್ಕೆ ಬಹುತೇಕ ಇರುತ್ತದೆ. ಮಧ್ಯಾಹ್ನಕ್ಕೆ ಮಗಳ ಮನೆಯ ಚಿತ್ರಾನ್ನ ಕಟ್ಟಿಕೊಂಡು ಹೋಗುವುದು ವಾಸಿ.

ಸಿಹಿಗೆ ಅಡ್ಡಿಯಿಲ್ಲ. ‘ಕುರುಮಿ ಮೊಚಿ’ಯ ಕನ್‌ಬುಕುರೊ ಅಂಗಡಿ ತನ್ನ ಹುಟ್ಟನ್ನು 1329ಕ್ಕೆ ಎಣಿಸುತ್ತದೆ. ಕುರುಮಿ ಎಂದರೆ ಆಕ್ರೋಟ್ ಎಂದು ಎಲ್ಲರೂ ಮೋಸಹೋಗುತ್ತಾರೆ. ಇಲ್ಲಿ ಅದರರ್ಥ ‘ಸುತ್ತಿದ್ದು’. ಬಿಳಿ ಅಕ್ಕಿ ಉಂಡೆಗೆ ಹಸಿರು ಸಿಹಿ ಹೂರಣ ಸುತ್ತಿ ಬಟ್ಟಲಿನಲ್ಲಿ ಕೊಡುತ್ತಾರೆ. ನನಗೆ ಅದಕ್ಕಿಂತ ಇಷ್ಟ ‘ಕೆಶಿ ಮೊಚಿ’: ಅಲಸಂದೆಯಂಥ ಕೆಂಪು ಕಾಳಿನ ಹೂರಣ, ಮೇಲೆ ಅಕ್ಕಿಯ ತೆಳು ಪದರ, ಅದರ ಮೇಲೆ ಮೈತುಂಬ ಗಸಗಸೆ. ಗಸಗಸೆ ಭಾರತದಿಂದ ಹಡಗಿನಲ್ಲಿ ಬಂದದ್ದು ಎನ್ನುವುದು ಅಲ್ಲಿನ ಮಾತು. ಕಡುಬಿನ ಹೂರಣಕ್ಕೂ ಗಸಗಸೆ ಪಾಯಸಕ್ಕೂ ಮದುವೆ ಮಾಡಿದಂಥ ರುಚಿ. ಆದರೆ ನಿಮ್ಮ ವಿಮಾನ ದುಬೈ ಅಥವಾ ಸಿಂಗಪುರದ ಮೇಲೆ ಬರುವುದಾದರೆ ಅದನ್ನು ಕಟ್ಟಿಸಿಕೊಳ್ಳಬೇಡಿ. ಎರಡೂ ಕಡೆ ಗಸಗಸೆಗೆ ನಿಷೇಧವಿದೆ, ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದರೆ ಮಾದಕವಸ್ತುವಿನ ಪ್ರಕರಣವಾಗುತ್ತದೆ. ಎಷ್ಟು ಬೇಕೋ ಅಷ್ಟನ್ನು ಮಗಳ ಮನೆಯಲ್ಲೇ ತಿಂದು ಮುಗಿಸಿ.